ನನ್ನೇಸಾಬ್ರ ಬಲಗೈ

ನನಗೆ ಸಿಟ್ಟು ಮೂಗಿನ ತುದೀಲೇ ಇರೋದು. ಇದನ್ನ ಮೊದಲೇ ಹೇಳಿಬಿಡ್ತೀನಿ, ನೀವು ನನ್ನನ್ನ ಒಳ್ಳೆ ಮನುಷ್ಯ ಅಂದ್ಕೊಂಡು ಮೋಸ ಹೋಗೋದು ಬೇಡ. ಪ್ಯಾಸೆಂಜರು ಹತ್ತಾಕೆ ತಡ ಮಾಡಿದ್ರೆ ಬೈತಿದ್ದೆ. ದಾರೀಲಿ ಎಮ್ಮೆ ಅಡ್ಡ ಬಂದ್ರೆ ಎಮ್ಮೆಗೂ ಬೈತಿದ್ದೆ, ಅದರ ಯಜಮಾನನಿಗೂ ಬೈತಿದ್ದೆ. ನನ್ನ ಹೆಂಡತಿ ಪ್ರೇಮಮ್ಮ, ನಿಮ್ಮ ಜೀಪಿಗೆ ಹಾರನ್ ದಂಡ, ನೀವೇ ಇದ್ದೀರಲ್ಲ ಅಂತಿದ್ದಳು. ಚನ್ನಗಿರೀಲಿ ಜೀಪ್ ಮರುಳಪ್ಪ ಅಂದ್ರೆ ಹಳಬರಿಗೆ ಈಗಲೂ ಗೊತ್ತು. ಆದ್ರೆ ನಾನಿಲ್ಲಿ ಹೇಳಾಕೆ ಹೊರಟಿದ್ದು ನನ್ನ ವಿಷಯ ಅಲ್ಲ, ಡೀಸೆಲ್ ಮೆಕ್ಯಾನಿಕ್ ನನ್ನೇಸಾಬ್ರದ್ದು. ಅವರ ಬಲಗೈ ಹೆಂಗೆ ಹೋಯ್ತು ಅನ್ನೋದು.

ಸಾಬ್ರು ಹುಟ್ಟಿದ್ದು ಹೊನ್ನಾಳೀಲಿ. ಅವರಪ್ಪ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕ್ತಿದ್ರಂತೆ. ಸ್ಟೀಲ್ ಪಾತ್ರೆ ಬಂದು ಕಲಾಯಿ ಕೇಳೋರು ಕಡಿಮೆ ಆದ್ರು. ಅದೇ ಹೊತ್ತಿಗೆ ಹೊಳೆ ದಂಡೆಯ ಗದ್ದೆಯೋರು ಡೀಸೆಲ್ ಪಂಪ್‌ಸೆಟ್ ಇಡಾಕೆ ಶುರು ಮಾಡಿದ್ರು. ಅವು ಕೆಟ್ಟಾಗ ದಾವಣಗೆರೆಯಿಂದ ಒಬ್ಬ ಮೆಕ್ಯಾನಿಕ್ ಬರೋನಂತೆ. ಆತ ಬಿಚ್ಚೋದನ್ನ ನೋಡ್ತಾ ಕೂತಿದ್ದ ನನ್ನೇಸಾಬ್ರು ಒಂದಿನ ಆತನ ಹಿಂದೇನೇ ದಾವಣಗೆರೆ ಬಸ್ಸು ಹತ್ತಿದ್ರು. ಅಲ್ಲಿ ಏಳು ವರ್ಷ ಬರೀ ಡೀಸೆಲ್ ಪಂಪು, ನಾಜಲ್ಲು, ಇದೇ ಕೆಲಸ. ನಮ್ಮೂರಿನ ಹಜೀರಾನ ಮದುವೆ ಆದ ಮೇಲೆ, ಎಪ್ಪತ್ತೆರಡರಲ್ಲೋ ಎಪ್ಪತ್ಮೂರರಲ್ಲೋ, ಚನ್ನಗಿರಿಗೆ ಬಂದು ಅಡಿಕೆ ಮಂಡಿ ಹಿಂದೆ ಒಂದು ತಗಡಿನ ಶೆಡ್ ಹಾಕ್ಕೊಂಡು ಕೂತ್ರು.

ಡೀಸೆಲ್ ಎಂಜಿನ್ನಿನ ವಿಷಯ ಗೊತ್ತಿಲ್ಲದೋರಿಗೆ ಒಂದು ಮಾತು ಹೇಳ್ಬೇಕು. ಪೆಟ್ರೋಲ್ ಗಾಡಿಗೆ ಇರೋ ಹಂಗೆ ಇದಕ್ಕೆ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಒಂದು ಪಂಪು ಡೀಸೆಲ್ಲನ್ನ ಭಾರೀ ಜೋರಿನಿಂದ ನಾಜಲ್ಲಿಗೆ ತಳ್ತದೆ. ನಾಜಲ್ಲಿನ ಮೂತೀಲಿ ಕೂದಲೆಳೆಯಷ್ಟು ಸಣ್ಣ ತೂತು. ಅದರಲ್ಲಿ ಹೊರಟ ಡೀಸೆಲ್ಲು ಮಂಜಿನ ಹಂಗೆ ಹರಡ್ಕೊಂಡ್ರೆ ಎಂಜಿನ್ ಚೆನ್ನಾಗಿ ಉರೀತದೆ. ಹಂಗಲ್ಲದೆ ಹನಿ ಹನಿ ಸುರಿದ್ರೆ ಮುಗೀತು, ಕರಿ ಹೊಗೆ, ಕಟಕಟ ಸದ್ದು, ಏರು ಸಿಕ್ಕಿದ ಕೂಡ್ಲೇ ಗಾಡಿ ಉಸಿರು ಬಿಡ್ತದೆ. ಡೀಸೆಲ್ ಬೀಳೋ ಗಳಿಗೆಯೂ ಸರಿ ಇರ್ಬೇಕು, ಒಂದು ಕೂದಲು ಮುಂಚೆ ಬಿದ್ರೂ ತಪ್ಪು, ತಡವಾಗಿ ಬಿದ್ರೂ ತಪ್ಪು. ಇವೆರಡನ್ನೂ ಕೂರಿಸೋದೇ ನನ್ನೇಸಾಬ್ರ ಕಸುಬು.

ಕೈಗುಣ ಅಂದ್ರೆ ಅವರದ್ದು. ಪಂಪಿನ ಪೈಪು ಬಿಚ್ಚಿ, ಎಂಜಿನ್ನನ್ನ ಕೈಯಿಂದ ಒಂಚೂರು ಒಂಚೂರೇ ತಿರುಗಿಸ್ತಾ, ಪೈಪಿನ ಬಾಯಲ್ಲಿ ಹನಿ ಎಲ್ಲಿ ನಿಲ್ತದೆ ಅಂತ ನೋಡೋರು. ಹನಿ ನಡುಗಿ ನಿಂತ ಜಾಗಕ್ಕೆ ಸರಿಯಾಗಿ ಪಂಪು ಬಿಗಿಯೋರು. ಆಗ ಶೆಡ್ಡಿನಲ್ಲಿ ಯಾರೂ ಕೆಮ್ಮೋ ಹಂಗಿರ್ಲಿಲ್ಲ. ನಾಜಲ್ ಬಿಚ್ಚೋ ಮೂಲೆಗೆ ಚಪ್ಪಲಿ ಹಾಕ್ಕೊಂಡು ಹೋದ್ರೆ, ಇದೇನು ಸಂತೆ ಅಂತ ತಿಳ್ಕೊಂಡ್ರೇನ್ರಿ ಅಂತ ರೇಗೋರು. ಜಗಳೂರಿಂದ ಬೋರ್‌ವೆಲ್ ಲಾರಿಯೋರು, ನ್ಯಾಮತಿಯಿಂದ ಪಂಪ್‌ಸೆಟ್‌ನೋರು ನಾಜಲ್ಲುಗಳನ್ನ ಟವೆಲ್‌ನಲ್ಲಿ ಸುತ್ಕೊಂಡು, ಕೂಸನ್ನ ಆಸ್ಪತ್ರೆಗೆ ತರೋ ಹಂಗೆ ತೊಡೆ ಮೇಲಿಟ್ಕೊಂಡು ಬಸ್ಸಲ್ಲಿ ಬರೋರು.

ನಾಜಲ್ ಸರಿಯಾಯ್ತೋ ಇಲ್ವೋ ನೋಡಾಕೆ ಅವರದ್ದೊಂದು ಪದ್ಧತಿ ಇತ್ತು. ದಾವಣಗೆರೆಯ ಉಸ್ತಾದು ಕಲಿಸಿದ್ದಂತೆ, ಆ ಕಡೆಯ ಎಲ್ಲಾ ಮೆಕ್ಯಾನಿಕ್ಕುಗಳೂ ಹಂಗೇ ಮಾಡೋರು. ನಾಜಲ್ಲನ್ನ ಎಂಜಿನ್ನಿಂದ ಹೊರಗೆ ತೆಗೆದು, ಅದರ ಪೈಪಿಗೇ ಸಿಕ್ಕಿಸಿ, ಮೂತಿ ಹೊರಗೆ ಮಾಡಿ, ಡ್ರೈವರಿಗೆ ಸೆಲ್ಫ್ ಹೊಡೀರಿ ಅನ್ನೋರು. ಎಂಜಿನ್ ಒಂದು ಸುತ್ತು ತಿರುಗಿದ ಕೂಡ್ಲೇ ನಾಜಲ್ಲಿನಿಂದ ಡೀಸೆಲ್ ಚಿಮ್ತದೆ. ಮೊದಲು ಎದುರಿಗೆ ಹಳೇ ಪೇಪರ್ ಹಿಡಿದು, ಕಲೆ ದುಂಡಗೆ ಬಿತ್ತೋ ಇಲ್ವೋ ನೋಡೋರು. ಆಮೇಲೆ ಒಂದು ಮೊಳ ದೂರದಲ್ಲಿ ಅಂಗೈ ಒಡ್ಡೋರು. ಕಣ್ಣಿಗೆ ಮೋಸ ಆಗ್ಬೋದು, ಅಂಗೈಗೆ ಆಗಲ್ಲ ಅನ್ನೋರು. ಮಂಜು ತಣ್ಣಗೆ ತಾಗಿದ್ರೆ ಸರಿ, ಎಲ್ಲಾದ್ರೂ ಒಂದು ಕಡೆ ಚುರುಕ್ ಅಂದ್ರೆ ಮತ್ತೆ ಬಿಚ್ಚಬೇಕು. ಹತ್ತು ಹನ್ನೊಂದು ವರ್ಷ ಹಿಂಗೇ ನಡೀತು, ಅವರ ಕೈಗೆ ಏನೂ ಆಗ್ಲಿಲ್ಲ.

ನನ್ನ ಜೀಪು ಹರಾಜಲ್ಲಿ ಹಿಡಿದಿದ್ದು. ಹಳೇ ಪೆಟ್ರೋಲ್ ಜೀಪು, ಅದರ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದೆ. ಸೂಳೆಕೆರೆ ಏರಿ ಕೆಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಬಸ್ಸು ಹೋಗ್ತಿರ್ಲಿಲ್ಲ. ನಾನು ಫೋರ್‌ವೀಲ್ ಗೇರ್ ಹಾಕಿ, ಗದ್ದೆ ಬದು, ಹಳ್ಳ, ಕೆಸರು ಒಂದೂ ನೋಡ್ದೆ ನುಗ್ತಿದ್ದೆ. ಹೆರಿಗೆಗೆ ಹೋಗೋ ಹೆಣ್ಣುಮಕ್ಕಳು, ಮೀನಿನ ಬುಟ್ಟಿ, ಬೀಗರು ಬಿಜ್ಜರು, ಎಲ್ಲಾರಿಗೂ ನನ್ನ ಜೀಪೇ. ಅಂಥದ್ದು ಎಂಬತ್ಮೂರರ ದೀಪಾವಳಿ ಕಳೆದ ಮೇಲೆ ಕೈ ಕೊಡ್ತು. ಯಾವನೋ ಪುಣ್ಯಾತ್ಮ ನೀರು ಬೆರೆತ ಡ್ರಮ್ಮಿನ ಡೀಸೆಲ್ ಹಾಕಿದ್ದ. ಬಸವಾಪಟ್ಟಣದ ಕಡೆ ಹೋಗ್ತಿದ್ದಾಗ ಗಾಡಿ ಕಟಕಟ ಅಂದು ಕರಿ ಹೊಗೆ ಉಗುಳಾಕೆ ಶುರು ಮಾಡ್ತು. ಪ್ಯಾಸೆಂಜರೆಲ್ಲ ಇಳಿದು ತಳ್ಳಿದ್ರು, ನಾನು ಅವರಿಗೇ ಬೈದೆ.

ಸಾಬ್ರ ಶೆಡ್ಡಿನಲ್ಲಿ ಗಾಡಿ ಮೂರು ದಿನ ನಿಂತ್ಕೊಳ್ತು. ನಾಲ್ಕು ನಾಜಲ್ಲಿನಲ್ಲಿ ಮೂರನೇದು ಪೂರಾ ಕೆಟ್ಟಿತ್ತು, ಅದರೊಳಗೆ ಕೂರೋ ಸೂಜಿ ದಾವಣಗೆರೆಯಿಂದ ಬರ್ಬೇಕಿತ್ತು. ಆ ಮೂರು ದಿನ ಬಸವರಾಜಪ್ಪ ಅನ್ನೋನು, ಹೊಸದಾಗಿ ಟೆಂಪೋ ತಂದಿದ್ದೋನು, ನನ್ನ ಹಳ್ಳಿಗಳ ಜನರನ್ನೆಲ್ಲ ತುಂಬ್ಕೊಂಡು ಓಡಾಡ್ತಿದ್ದ. ಹೋಗ್ತಾ ಬರ್ತಾ ಶೆಡ್ಡಿನ ಮುಂದೇನೇ ಹೋಗೋನು, ಬೇಕಂತ್ಲೇ ಹಾರನ್ ಹೊಡೆಯೋನು. ನಾನು ಶೆಡ್ಡಿನ ಬಾಗಿಲಿಗೆ ಬಂದು ಅವನು ಮರೆ ಆಗೋವರೆಗೂ ಬೈತಿದ್ದೆ. ಸಾಬ್ರು ಮಾತ್ರ ತಮ್ಮ ಪಾಡಿಗೆ ತಾವು, ಅರಿವೆ ಹಾಸಿ, ಒಂದೊಂದೇ ತುಂಡು ತೊಳೆದು ಜೋಡಿಸ್ತಾ ಕೂತಿದ್ರು. ಅವಸರ ಮಾಡಿದ್ರೆ ನಾಜಲ್ ಮುನಿಸ್ಕೊಳ್ತದೆ ಮರುಳಪ್ಪಾರೇ ಅಂದ್ರು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೊನೇ ಕೆಲಸ. ಮೂರನೇ ನಾಜಲ್ಲು ಹೊರಗೆ ಪೈಪಿಗೆ ಸಿಕ್ಕಿಸಿ ಆಗಿತ್ತು. ಉಳಿದ ಮೂರು ಪೈಪು ಸಡಿಲ ಬಿಟ್ಟಿದ್ರು, ಎಂಜಿನ್ ಸ್ಟಾರ್ಟ್ ಆಗ್ಬಾರ್ದು ಅಂತ. ನಾನು ಸೀಟಿನ ಮೇಲೆ ಕೂತಿದ್ದೆ, ಅವರು ಬಾನೆಟ್ಟಿನ ಪಕ್ಕ ಬಗ್ಗಿದ್ರು. ಹೊಡೀರಿ ಅಂದ್ರು, ಹೊಡೆದೆ. ಪೇಪರ್ ಹಿಡಿದು ನೋಡಿದ್ರು. ಇನ್ನೊಂದು ಅಂದ್ರು, ಹೊಡೆದೆ. ಅಂಗೈ ಒಡ್ಡಿ ನೋಡಿದ್ರು, ಮುಖದ ಮೇಲೆ ನಗು ಬಂತು. ಸಾಕು, ನಿಲ್ಸಿ ಅಂದ್ರು. ನನಗೆ ಕೇಳಿಸ್ತು. ಸ್ಪಷ್ಟವಾಗಿ ಕೇಳಿಸ್ತು.

ಅದೇ ಹೊತ್ತಿಗೆ ರಸ್ತೆ ಮೇಲೆ ಬಸವರಾಜಪ್ಪನ ಟೆಂಪೋ ಬಂತು, ಬಾಗಿಲಿಗೆ ಜೋತುಬಿದ್ದಷ್ಟು ಜನ, ಪೇಂ ಅಂತ ಹಾರನ್ನು. ಯಾಕೆ ಅಂತ ಕೇಳಿದ್ರೆ ಇವತ್ತಿಗೂ ಹೇಳಾಕೆ ಬರಲ್ಲ, ಟೆಂಪೋದೋನ ಮೇಲಿನ ಸಿಟ್ಟಿಗೆ ನಾನು ಸೆಲ್ಫ್ ಗುಂಡಿ ಇನ್ನೊಂದ್ಸಲ ಒತ್ತಿದೆ. ಸಾಬ್ರು ಆ ಗಳಿಗೇಲಿ ನಾಜಲ್ಲಿನ ಮೂತಿ ಒರೆಸಾಕೆ ಬೆರಳು ಚಾಚಿದ್ರು.

ಇಸ್ ಅಂದ್ರು ಅಷ್ಟೇ. ಕೂಗ್ಲಿಲ್ಲ. ನಾನು ಇಳಿದು ಹೋಗಿ ನೋಡಿದೆ. ಬಲಗೈ ತೋರುಬೆರಳಿನ ತುದೀಲಿ ಒಂದು ಕೆಂಪು ಚುಕ್ಕೆ, ಸೊಳ್ಳೆ ಕಚ್ಚಿದ್ರೂ ಅದಕ್ಕಿಂತ ದೊಡ್ಡದಾಗಿ ಕಾಣ್ತದೆ. ಅವರು ಹೆಬ್ಬೆಟ್ಟಿನಿಂದ ಬೆರಳನ್ನ ಹಿಂಡಿದ್ರು, ಒಂದು ಹನಿ ಡೀಸೆಲ್ಲು ಬಂತು, ಅದರ ಜೊತೆ ಎಳೆಯಷ್ಟು ರಕ್ತ. ಇದೂ ಡೀಸೆಲ್ ಕುಡಿಯಾಕೆ ಕಲಿತು ನೋಡ್ರಿ ಅಂತ ನಕ್ಕು, ವೇಸ್ಟ್ ಬಟ್ಟೇಲಿ ಒರೆಸ್ಕೊಂಡ್ರು. ನಾನು ತಪ್ಪಾಯ್ತು ಅನ್ಬೇಕಿತ್ತು. ಅನ್ಲಿಲ್ಲ. ನಕ್ಕರಲ್ಲ, ಏನೂ ಆಗಿಲ್ಲ ಅಂತ ನಾನೂ ನಕ್ಕೆ.

ಅವರು ಅದೇ ಕೈಯಲ್ಲಿ ನಾಲ್ಕೂ ನಾಜಲ್ ಬಿಗಿದ್ರು, ಪೈಪಿನೊಳಗಿನ ಗಾಳಿ ತೆಗೆದ್ರು, ಹನಿ ನೋಡಿ ಪಂಪು ಕೂರಿಸಿದ್ರು. ಹನ್ನೆರಡೂವರೆಗೆ ಜೀಪು ಸ್ಟಾರ್ಟ್ ಆಯ್ತು. ಅಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರ್ಲಿಲ್ಲ. ಹೊಗೆ ಇಲ್ಲ, ಕಟಕಟ ಇಲ್ಲ, ಸಂತೇಬೆನ್ನೂರಿನ ಏರನ್ನ ಟಾಪ್ ಗೇರಲ್ಲೇ ಹತ್ತಿತು. ನಾನು ಬಸವರಾಜಪ್ಪನ ಟೆಂಪೋವನ್ನ ಎರಡು ಸಲ ಹಿಂದೆ ಹಾಕಿ ಬಂದೆ, ಎರಡು ಸಲವೂ ಹಾರನ್ ಹೊಡೆದೆ. ಆ ಮಧ್ಯಾಹ್ನ ಸಾಬ್ರ ಬೆರಳು ನನ್ನ ತಲೇಲೇ ಇರ್ಲಿಲ್ಲ, ಹೇಳಾಕೆ ನಾಚಿಕೆ ಆಗ್ತದೆ.

ಸಾಬ್ರು ಊಟಕ್ಕೆ ಕೂತಾಗ ಬೆರಳು ಮರಗಟ್ಟಿದ ಹಂಗೆ ಇತ್ತಂತೆ, ರೊಟ್ಟಿ ಮುರಿಯಾಕೆ ಆಗ್ಲಿಲ್ಲವಂತೆ. ಮೂರು ಗಂಟೆಗೆ ಹಜೀರಾ ಒತ್ತಾಯ ಮಾಡಿ ಊರಿನ ಒಬ್ಬ ಡಾಕ್ಟರ ಹತ್ರ ಕಳಿಸಿದ್ರು. ಆತ ಚುಕ್ಕೆ ನೋಡಿ, ಟಿಂಚರ್ ಹಚ್ಚಿ, ಧನುರ್ವಾಯು ಇಂಜೆಕ್ಷನ್ ಕೊಟ್ಟು, ಎರಡು ಮಾತ್ರೆ ಬರೆದು ಕಳಿಸಿದ್ರಂತೆ. ಆತನಿಗೂ ಏನು ಅನ್ನಾಕೆ ಆಗ್ತದೆ. ಮುಳ್ಳು ಚುಚ್ಚಿದಷ್ಟು ಗಾಯ ತೋರಿಸಿ, ಒಳಗೆ ಡೀಸೆಲ್ ಹೋಗೈತೆ ಅಂದ್ರೆ ಯಾರು ತಾನೇ ನಂಬ್ತಾರೆ. ಸಾಬ್ರೇ ನಂಬಿರ್ಲಿಲ್ಲ. ಹದಿನೇಳು ಹದಿನೆಂಟು ವರ್ಷದಿಂದ ಡೀಸೆಲ್ಲಿನಲ್ಲೇ ಅದ್ದಿದ ಕೈ, ಅದಕ್ಕೆ ಡೀಸೆಲ್ಲು ವಿಷ ಆಗ್ತದೆ ಅಂತ ಯಾರಿಗೂ ಹೊಳೀಲಿಲ್ಲ.

ಮಾರನೇ ದಿನ ಬೆಳಗಾಗ್ತಾ ಇದ್ದಂಗೆ ಹಜೀರಾ ನಮ್ಮ ಮನೆ ಬಾಗಿಲಿಗೆ ಬಂದ್ರು. ಆ ಹೆಣ್ಣುಮಗಳು ಅದುವರೆಗೆ ಒಬ್ಬಳೇ ಯಾರ ಮನೆಗೂ ಹೋದೋಳಲ್ಲ. ಅಣ್ಣಾ, ಅವರು ಇಡೀ ರಾತ್ರಿ ಗೋಡೆಗೆ ಕೈ ಎತ್ತಿ ಹಿಡ್ಕೊಂಡು ನಿಂತಿದ್ರು, ಕೆಳಗೆ ಇಳಿಸಾಕೆ ಆಗ್ತಿಲ್ಲ ಅಂದ್ರು. ನಾನು ಚಡ್ಡಿ ಬನೀನಲ್ಲೇ ಜೀಪು ತೆಗೆದೆ. ಹೋಗಿ ನೋಡ್ತೀನಿ, ಬೆರಳು ಬೂದಿ ಬಣ್ಣಕ್ಕೆ ತಿರುಗಿ ಬಾಳೆಕಾಯಿ ಗಾತ್ರ ಆಗಿತ್ತು. ಅಂಗೈ ಉಬ್ಬಿ ಗೆರೆಗಳೇ ಮಾಯ ಆಗಿದ್ವು. ನನ್ನ ಬಾಯಿಂದ ಶಿವಶಿವ ಅಂತ ಬಂತು.

ದಾವಣಗೆರೆಗೆ ಹೊರಟ್ವಿ. ಸಾಬ್ರು ನನ್ನ ಪಕ್ಕ, ಹಜೀರಾ ಹಿಂದೆ. ರಸ್ತೆ ಗುಂಡಿಗೆ ಗಾಡಿ ಎತ್ತಿ ಹಾಕಿದಾಗಲೆಲ್ಲ ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚೋರು, ನಾನು ನಿಧಾನ ಮಾಡ್ತಿದ್ದೆ. ನಿಧಾನ ಮಾಡಿದ್ರೆ ತಡ ಆಗ್ತದೆ, ಜೋರು ಹೋದ್ರೆ ಕೈ ಅಲುಗಾಡ್ತದೆ. ಏನು ಮಾಡಿದ್ರೂ ತಪ್ಪೇ ಅನ್ನೋ ಹಂಗಿತ್ತು. ಸಂತೇಬೆನ್ನೂರು ದಾಟಿದ ಮೇಲೆ ಅವರು ಕಣ್ಣು ಬಿಟ್ಟು, ಎಂಜಿನ್ನಿನ ಕಡೆ ಕಿವಿ ಕೊಟ್ಟು, ಮೂರನೇದು ಈಗ ಸರಿಯಾಗಿ ಬಡೀತಾ ಐತೆ ಅಂದ್ರು. ನನಗೆ ಸ್ಟೀರಿಂಗ್ ಬಿಟ್ಟು ಇಳಿದು ಓಡಿಹೋಗೋಣ ಅನ್ನಿಸ್ತು.

ಅಲ್ಲಿನ ಒಂದು ಆಸ್ಪತ್ರೇಲಿ ದೊಡ್ಡ ಡಾಕ್ಟರು ನೋಡಿದ್ರು. ವಯಸ್ಸಾದೋರು, ಮೆತ್ತಗೆ ಮಾತಾಡೋರು. ಯಾವಾಗ ಆಗಿದ್ದು ಅಂದ್ರು. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಅಂದೆ. ಅವರು ಗಡಿಯಾರ ನೋಡ್ಕೊಂಡ್ರು. ಆಮೇಲೆ ಹೇಳಿದ್ರು, ಆ ಜೋರಿಗೆ ಡೀಸೆಲ್ಲು ಚರ್ಮ ತೂರ್ಕೊಂಡು ಒಳಗೆ ಹೋಗಿ ಬೆರಳಿನ ಉದ್ದಕ್ಕೂ ಅಂಗೈಗೆ ಇಳಿದೈತೆ, ಒಳಗಿನಿಂದ ಮಾಂಸ ಸುಡ್ತಾ ಐತೆ, ನಿನ್ನೇನೇ ಕೊಯ್ದು ತೊಳೆದಿದ್ರೆ ಉಳಿಸ್ಬೋದಿತ್ತೇನೋ. ಅವತ್ತೇ ಬೆರಳಿಂದ ಅಂಗೈವರೆಗೆ ಕೊಯ್ದು ತೊಳೆದ್ರು. ಥಿಯೇಟರ್ ಬಾಗಿಲು ತೆರೆದಾಗ ಹೊರಗಿನವರೆಗೂ ಡೀಸೆಲ್ ವಾಸನೆ ಬಂತು.

ಎರಡು ದಿನ ಕಾದ್ವಿ. ನಾನು ಊರಿಗೆ ಹೋಗ್ಲೇ ಇಲ್ಲ. ಜೀಪು ಆಸ್ಪತ್ರೆ ಕಾಂಪೌಂಡಲ್ಲೇ ನಿಂತಿತ್ತು, ಅದರೊಳಗೇ ಮಲಗ್ತಿದ್ದೆ. ಸಾಬ್ರಿಗೆ ಜ್ವರ ಏರ್ತಾ ಹೋಯ್ತು. ಆದ್ರೂ ಎಚ್ಚರ ಆದಾಗಲೆಲ್ಲ ಎಡಗೈಯಿಂದ ಬಲಗೈ ಬೆರಳು ಒಂದೊಂದೇ ಮುಟ್ಟಿ ನೋಡೋರು. ಹೆಬ್ಬೆಟ್ಟು ಬೆಚ್ಚಗೈತೆ ಅಲ್ವೇನೇ ಅಂತ ಹಜೀರಾನ ಕೇಳೋರು. ಆಕೆ ಹೂಂ ಅನ್ನೋರು. ಕೈ ಉಳಿಯುತ್ತಾ ಅನ್ನೋದು ಬಿಟ್ಟು ನಮ್ಮ ಮೂವರಿಗೂ ಬೇರೆ ಯೋಚನೆ ಇರ್ಲಿಲ್ಲ. ಆ ಕೈ ಇಲ್ಲ ಅಂದ್ರೆ ನನ್ನೇಸಾಬ್ರು ಅನ್ನೋ ಮನುಷ್ಯನೇ ಇಲ್ಲ. ಓದು ಬರಹ ಇಲ್ಲ, ಜಮೀನಿಲ್ಲ, ಇದ್ದದ್ದು ಅದೊಂದೇ.

ಮೂರನೇ ದಿನ ಬೆಳಿಗ್ಗೆ ಹಜೀರಾ ಚನ್ನಗಿರಿ ಬಸ್ಸು ಹತ್ತಿದ್ರು. ಎರಡು ಹೆಣ್ಣುಮಕ್ಕಳನ್ನ ಪಕ್ಕದ ಮನೇಲಿ ಬಿಟ್ಟು ಬಂದಿದ್ರು, ಅವರನ್ನ ನೋಡ್ಕೊಂಡು, ಬಟ್ಟೆ ತಗೊಂಡು ಸಂಜೆಯೊಳಗೆ ಬರ್ತೀನಿ ಅಂದ್ರು. ಅವರು ಹೋದ ಒಂದು ಗಂಟೆಗೆ ಡಾಕ್ಟರು ಪಟ್ಟಿ ಬಿಚ್ಚಿದ್ರು. ಬೆರಳುಗಳು ಕಪ್ಪಾಗಿದ್ವು, ಕಪ್ಪು ಅಂಗೈಗೂ ಇಳಿದಿತ್ತು. ನನ್ನನ್ನ ಮಂಚದಿಂದ ನಾಲ್ಕು ಹೆಜ್ಜೆ ಆಚೆ ಕರೆದು ಹೇಳಿದ್ರು. ಮಣಿಕಟ್ಟಿಗೆ ತೆಗೀಬೇಕು, ಈಗಲೇ. ಸಂಜೆವರೆಗೆ ಬಿಟ್ರೆ ಮೊಳಕೈಗೆ ಹೋಗ್ತದೆ, ಅದಕ್ಕೂ ತಡ ಮಾಡಿದ್ರೆ ಜೀವದ ಭರವಸೆ ಕೊಡಾಕೆ ಆಗಲ್ಲ. ಜ್ವರದಲ್ಲಿ ಆತನಿಗೆ ಸರಿಯಾದ ಗ್ಯಾನ ಇಲ್ಲ, ಕಡೆಯೋರು ಯಾರು ಸಹಿ ಹಾಕ್ತೀರಿ ಅಂದ್ರು.

ಅವರ ಹೆಂಡ್ತಿ ಬರ್ಲಿ ಸಾಮಿ ಅಂದೆ. ಸಂಜೆ ಆಗ್ತದಲ್ಲ ಅಂದ್ರು. ಹಜೀರಾಗೆ ಸುದ್ದಿ ಮುಟ್ಟಿಸಾಕೆ ನೋಡ್ದೆ. ಅವರ ಬೀದೀಲಿ ಫೋನ್ ಇರ್ಲಿಲ್ಲ. ಅಡಿಕೆ ಮಂಡೀಲಿ ಒಂದು ಫೋನ್ ಇತ್ತು, ಟ್ರಂಕ್ ಕಾಲ್ ಬುಕ್ ಮಾಡಿದೆ, ಲೈನೇ ಸಿಗ್ಲಿಲ್ಲ. ಜೀಪಲ್ಲಿ ಹೋಗಿ ಕರ್ಕೊಂಡು ಬಂದ್ರೆ ಅಂತ ಲೆಕ್ಕ ಹಾಕಿದೆ, ಹೋಗಾಕೆ ಒಂದೂವರೆ ಗಂಟೆ, ಬರಾಕೆ ಒಂದೂವರೆ, ಆ ನಡುವೆ ಇಲ್ಲಿ ಏನಾದ್ರೂ ಆದ್ರೆ. ಗಾಡಿ ಅಷ್ಟು ಚೆನ್ನಾಗಿತ್ತು, ಆದ್ರೂ ಏನು ಉಪಯೋಗ. ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಬೈಯಾಕೆ ಯಾರೂ ಇರ್ಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಸಿಟ್ಟೂ ನನ್ನನ್ನ ಬಿಟ್ಟು ಹೋಗಿತ್ತು.

ನರ್ಸಮ್ಮ ಒಂದು ಅಚ್ಚು ಹಾಕಿದ ಕಾಗದ ತಂದು ಮೇಜಿನ ಮೇಲಿಟ್ಳು. ಸಾಬ್ರ ಮಂಚ ನನ್ನ ಹಿಂದೇನೇ ಇತ್ತು. ಅವರು ಎಚ್ಚರಾಗಿದ್ರು. ಮಾತೆಲ್ಲ ಕೇಳಿಸ್ಕೊಂಡಿದ್ರು ಅಂತ ಕಾಣ್ತದೆ.

"ಬೇಡ್ರಿ ಮರುಳಪ್ಪಾರೇ," ಅಂದ್ರು. "ಎರಡು ಬೆರಳು ತೆಗೀಲಿ. ಮೂರು ತೆಗೀಲಿ. ಹೆಬ್ಬೆಟ್ಟು, ಅದರ ಪಕ್ಕ ಇನ್ನೊಂದು ಉಳಿಸಿದ್ರೆ ಸಾಕು, ನಾನು ನಾಜಲ್ ಬಿಗೀತೀನಿ. ಡಾಕ್ಟರಿಗೆ ಹೇಳ್ರಿ."

ನಾನು ತಿರುಗ್ಲಿಲ್ಲ. ತಿರುಗಿ ಆ ಮುಖ ನೋಡಿದ್ರೆ ನನ್ನ ಕೈ ಆಡಲ್ಲ ಅಂತ ನನಗೆ ಗೊತ್ತಿತ್ತು. ಕಾಗದದಲ್ಲಿ ರೋಗಿಗೆ ಏನು ಸಂಬಂಧ ಅಂತ ಒಂದು ಜಾಗ ಇತ್ತು. ಏನು ಬರೀಬೇಕೋ ತಿಳೀಲಿಲ್ಲ, ಸ್ನೇಹಿತ ಅಂತ ಬರೆದೆ. ಕೆಳಗೆ ಸಹಿ ಹಾಕ್ದೆ. ಹಿಂದಿನಿಂದ ಅವರು ಇನ್ನೂ ಎರಡು ಸಲ ಬೇಡ ಅಂದ್ರು, ಎರಡನೇದು ಬಹಳ ಸಣ್ಣಗೆ. ಕಾಗದ ನರ್ಸಮ್ಮನ ಕೈಗೆ ಕೊಟ್ಟು ನಾನು ಹಂಗೇ ಆಚೆ ಹೋಗಿಬಿಟ್ಟೆ, ಬೇವಿನ ಮರದ ಕೆಳಗೆ ಕೂತು ಚಿಕ್ಕ ಹುಡುಗನ ಹಂಗೆ ಅತ್ತೆ.

ಸಂಜೆ ಹಜೀರಾ ಬಂದಾಗ ಎಲ್ಲಾ ಮುಗಿದಿತ್ತು. ಆಕೆ ನನಗೆ ಒಂದು ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನೀವು ಇದ್ದಿದ್ದಕ್ಕೆ ಅವರ ಜೀವ ಉಳೀತು ಅಣ್ಣಾ ಅಂದ್ರು. ಡಾಕ್ಟರೂ ಅದನ್ನೇ ಹೇಳಿದ್ರು, ಊರಿಗೆ ಬಂದ ಮೇಲೆ ಜನವೂ ಅದನ್ನೇ ಹೇಳಿದ್ರು. ಬಸವರಾಜಪ್ಪನೇ ಬಂದು ಕೈ ಹಿಡ್ಕೊಂಡು, ಒಳ್ಳೇ ಕೆಲಸ ಮಾಡಿದ್ರಿ ಅಂದ. ನಾನು ಹೂಂಗುಟ್ಟಿ ಕಳಿಸಿದೆ. ಸೆಲ್ಫ್ ಒತ್ತಿದ್ದು ನಾನು ಅಂತ ಯಾರಿಗೂ ಹೇಳಿರ್ಲಿಲ್ಲ, ಹಜೀರಾಗೂ, ಪ್ರೇಮಮ್ಮನಿಗೂ. ಸಾಬ್ರು ಎಲ್ಲಾರ ಹತ್ರಾನೂ ತಪ್ಪು ತಮ್ಮದೇ, ಅವಸರದಲ್ಲಿ ಬೆರಳು ಮುಂದೆ ಹೋಯ್ತು ಅಂತಾನೇ ಹೇಳ್ತಿದ್ರು.

ಶೆಡ್ಡು ಆರು ತಿಂಗಳು ತೆರೆದಿತ್ತು. ಅವರು ಎದುರಿಗೆ ಕೂತು ಬಾಯಲ್ಲಿ ಹೇಳೋರು, ಗಾಡಿ ತಂದೋರೇ ಬಿಚ್ಚೋರು. ಜಗಳೂರಿನೋರು ಎರಡು ಸಲ ಬಂದು ಹೋದ್ರು. ಬೇರೆಯೋರ ಕೈಗೆ ಆ ಹನಿ ನಡುಗೋದು ತಿಳೀತಿರ್ಲಿಲ್ಲ, ಸಾಬ್ರಿಗೆ ಅದನ್ನ ಮಾತಲ್ಲಿ ಹೇಳಾಕೆ ಬರ್ತಿರ್ಲಿಲ್ಲ. ನಿಲ್ಸಿ, ಹಿಂದೆ, ಇಲ್ಲ ಮುಂದೆ, ಅಯ್ಯೋ ಹೋಯ್ತು ಅಂತ ಅವರ ಎಡಗೈ ಗಾಳೀಲಿ ಆಡೋದು. ಆಮೇಲೆ ಬರೋದು ಬಿಟ್ರು. ಶೆಡ್ಡಿನ ತಗಡು ಬೇರೆಯೋರು ತಗೊಂಡ್ರು. ಅದೇ ಅಡಿಕೆ ಮಂಡೀಲಿ ಸಾಬ್ರಿಗೆ ಗೇಟು ಕಾಯೋ ಕೆಲಸ ಸಿಕ್ತು. ಅಂಗಿಯ ಬಲತೋಳನ್ನ ಮಣಿಕಟ್ಟಿನ ಹತ್ರ ಗಂಟು ಹಾಕ್ಕೊಂಡು, ಸ್ಟೂಲಿನ ಮೇಲೆ ಕೂತಿರೋರು. ಹಜೀರಾ ಬೀಡಿ ಕಟ್ಟಾಕೆ ಶುರು ಮಾಡಿದ್ರು.

ನಾನು ದಿನಾ ಅವರನ್ನ ಮಾತಾಡಿಸ್ತಿದ್ದೆ. ಹಬ್ಬಕ್ಕೆ ಕರೆದ್ರೆ ಬರೋರು, ನಮ್ಮನೇಲಿ ಹೋಳಿಗೆ ತಿನ್ನೋರು, ಪ್ರೇಮಮ್ಮನ ಹತ್ರ ನಗ್ತಾ ಮಾತಾಡೋರು. ನನ್ನ ಹತ್ರ ಮಾತ್ರ ಮಾತು ಅಳೆದು ಆಡೋರು. ನನಗೆ ಕಾರಣ ಗೊತ್ತೈತೆ ಅಂದ್ಕೊಂಡಿದ್ದೆ. ಎದೆಯೊಳಗೆ ಅದು ಮೂರು ವರ್ಷ ಕೊರೀತು. ಕೊನೆಗೆ ಎಂಬತ್ತಾರರಲ್ಲಿ ಒಂದು ಮಧ್ಯಾಹ್ನ, ಮಂಡೀಲಿ ಜನ ಇಲ್ಲದ ಹೊತ್ತು ನೋಡಿ ಹೋದೆ. ಅವರ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಎಲ್ಲಾ ಹೇಳ್ದೆ. ನೀವು ಸಾಕು ಅಂದಿದ್ದು ನನಗೆ ಕೇಳಿಸಿತ್ತು, ಟೆಂಪೋದೋನ ಮೇಲಿನ ಸಿಟ್ಟಿಗೆ ಒತ್ತಿದೆ, ನಿಮ್ಮ ಕೈ ತಿಂದೋನು ನಾನೇ ಅಂದೆ.

ಸಾಬ್ರು ಆಶ್ಚರ್ಯ ಪಡ್ಲಿಲ್ಲ.

"ಅದು ಗೊತ್ತಿಲ್ಲದೆ ಏನು," ಅಂದ್ರು. "ಎಂಜಿನ್ ಪಕ್ಕ ನಿಂತೋನು ನಾನು, ಅದು ತಾನಾಗೇ ತಿರುಗ್ತದೇನು. ಡ್ರೈವರುಗಳು ಇನ್ನೊಂದು ಹೊಡೆಯೋದು ಇದ್ದದ್ದೇ. ಸಾಕು ಅಂದ ಮೇಲೂ ಬೆರಳು ಕೊಡಬಾರ್ದಿತ್ತು, ಅದು ನನ್ನ ತಪ್ಪು. ಅದನ್ನ ನಾನು ಅವತ್ತೇ ಬಿಟ್ಟೆ."

ನನಗೆ ಎದೆ ಹಗುರ ಆಗ್ಬೇಕಿತ್ತು. ಆಗ್ಲಿಲ್ಲ. ಯಾಕಂದ್ರೆ ಅವರು ಮಾತು ಮುಗಿಸಿರ್ಲಿಲ್ಲ. ಮತ್ಯಾಕೆ ಸಾಬ್ರೇ ನನ್ನ ಮೇಲೆ ಬೇಜಾರು ಅಂತ ನಾನೇ ಕೇಳ್ದೆ. ಅವರು ಗೇಟಿನ ಕಡೆ ಮುಖ ತಿರುಗಿಸಿದ್ರು.

"ಬೆನ್ನು ಹಾಕಿ ಸಹಿ ಮಾಡಿದ್ರಿ," ಅಂದ್ರು.

ಮಾಡ್ದೆ ಇದ್ದಿದ್ರೆ ನೀವು ಉಳೀತಿರ್ಲಿಲ್ಲ, ಡಾಕ್ಟರು ಹಂಗೇ ಹೇಳಿದ್ರು ಅಂದೆ. ನನ್ನ ಧ್ವನಿ ಏರಿತ್ತು, ಹಳೇ ಸಿಟ್ಟು ಹೆದರಿಕೆಯಿಂದ ಮತ್ತೆ ಬಂದಿತ್ತು. ಅವರು ಎಡಗೈ ಎತ್ತಿ ನನ್ನನ್ನ ತಡೆದ್ರು.

"ಸಾಯ್ತಿದ್ದೆ, ಗೊತ್ತು. ನಾನೇನು ಕೂಸೇನ್ರಿ. ನನ್ನ ಕೈ ಅದು. ಒಂದ್ಸಲ ತಿರುಗಿ, ನನ್ನ ಮುಖ ನೋಡಿ, ಸಾಬ್ರೇ ಹಿಂಗೈತೆ, ತೆಗೀಲೇಬೇಕು, ಏನು ಮಾಡ್ಲಿ ಅಂತ ಕೇಳಿದ್ರೆ ನಾನೇ ಹೂಂ ಅಂತಿದ್ದೆ."

ಅಷ್ಟರಲ್ಲಿ ಅಡಿಕೆ ಲಾರಿ ಬಂತು. ಅವರು ಎದ್ದು ಹೋಗಿ ಎಡಗೈಯಿಂದ ಗೇಟಿನ ಅಗಳಿ ಎಳೆದ್ರು. ಅದು ಬಿಗಿಯಾಗಿತ್ತು, ಎರಡು ಸಲ ಎಳೆದ್ರೂ ಬರ್ಲಿಲ್ಲ. ನಾನು ಎದ್ದು ಸಹಾಯಕ್ಕೆ ಹೋದೆ. ಬೇಡ ಅಂದ್ರು. ಈ ಸಲ ನಾನು ಅಲ್ಲೇ ನಿಂತು, ಅವರು ಮೊಣಕಾಲು ಒತ್ತಿ ಆ ಅಗಳಿ ಬಿಡಿಸೋವರೆಗೂ ನೋಡ್ತಾನೇ ಇದ್ದೆ.